ಶಾಸಕರೇ, ಬಿಸ್ಬೀ ಊರಿನ ಆ ಹಳೇ ಕಾಗದಗಳನ್ನು ನೋಡಲು ಬಿಡಿ

ಮಾನ್ಯ ಶಾಸಕರೇ,

ನಮಸ್ಕಾರ. ಇಂಗ್ಲಿಷಿನಲ್ಲಿ ನಿಮಗೆ ಬರೆದು ಬರೆದು ಸಾಕಾಯಿತು. ಪ್ರತಿ ಸಲವೂ "ನಿಮ್ಮ ಅಭಿಪ್ರಾಯ ನಮಗೆ ಬಹಳ ಮುಖ್ಯ" ಅಂತ ಒಂದು ಉತ್ತರ ಬರುತ್ತದೆ. ಅದನ್ನು ಕಳಿಸುವುದು ಕಂಪ್ಯೂಟರ್ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಈ ಸಲ ಕನ್ನಡದಲ್ಲಿ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ಅಮೆರಿಕದ ಈ ಅರಿಜೋನಾ ರಾಜ್ಯದಲ್ಲೂ ಕನ್ನಡದವರು ಇದ್ದಾರೆ ಸ್ವಾಮಿ, ಓಟೂ ಹಾಕುತ್ತಾರೆ. ನಿಮ್ಮ ಆಫೀಸಿನವರು ಇದನ್ನು ಯಾವುದಾದರೂ ಮೆಷಿನ್ನಿಗೆ ಹಾಕಿ ಓದಿಕೊಳ್ಳಲಿ. ಅಷ್ಟು ಕಷ್ಟ ಅವರೂ ಪಡಲಿ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. 1917ರ ಜುಲೈ 12ರಂದು ನಮ್ಮ ಅರಿಜೋನಾದ ಬಿಸ್ಬೀ ಊರಿನಿಂದ ಗಣಿ ಕಾರ್ಮಿಕರನ್ನು ಗಡೀಪಾರು ಮಾಡಿದರಲ್ಲ, ಅದಕ್ಕೆ ಸಂಬಂಧಪಟ್ಟ ಹಳೇ ಕಾಗದಗಳ ಕೆಲವು ಪೆಟ್ಟಿಗೆಗಳು ನಮ್ಮ ಕ್ಷೇತ್ರದ ಒಂದು ಸರ್ಕಾರಿ ಕಚೇರಿಯಲ್ಲಿವೆ. ಅವನ್ನು ನೋಡಲು ಬಿಡಿ. ಮನೆಗೆ ತಗೊಂಡು ಹೋಗುತ್ತೇನೆ ಅನ್ನುತ್ತಿಲ್ಲ. ಅಲ್ಲೇ ಕೂತು, ಅವರ ಕಣ್ಣೆದುರೇ ಓದಿ, ಎದ್ದು ಬರುತ್ತೇನೆ. ಕಚೇರಿಯ ಹೆಸರು ಇಲ್ಲಿ ಬರೆಯುವುದಿಲ್ಲ, ನಿಮಗೆ ಕಳಿಸಿದ ಮೇಲ್‌ಗಳಲ್ಲಿ ಇದೆ, ಯಾರಾದರೂ ತೆರೆದಿದ್ದರೆ.

ರಾಜ್ಯದ ಸಾರ್ವಜನಿಕ ದಾಖಲೆಗಳ ಕಾನೂನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಕಲಂ 39-121. ಅದರಲ್ಲಿ 'ಯಾರೇ ಆಗಲಿ' ಅಂತಿದೆ. ಕಚೇರಿ ಸಮಯದಲ್ಲಿ ಯಾರು ಬಂದು ಕೇಳಿದರೂ ತೋರಿಸಬೇಕು. ಸಂಬಂಧಿಕರಿಗೆ ಮಾತ್ರ ಅಂತ ಇಲ್ಲ. ಇಲ್ಲೇ ಹುಟ್ಟಿದವರಿಗೆ ಮಾತ್ರ ಅಂತಲೂ ಇಲ್ಲ.

ಈಗ ನನ್ನ ಪಾಡು ಕೇಳಿ. ನಾನು ಟೂಸಾನ್ ಊರಾಚೆ ಇರುವವನು, ರಾತ್ರಿ ಪಾಳಿ ಕೆಲಸ. ಬೆಳಗ್ಗೆ ಪಾಳಿ ಮುಗಿಸಿ, ಕಾಫಿ ಕುಡಿದು, ನಿದ್ದೆಗಣ್ಣಿನಲ್ಲೇ ಬೆನ್ಸನ್, ಟೂಮ್‌ಸ್ಟೋನ್ ದಾಟಿ ಹೋದರೆ ಕಚೇರಿ ಬಾಗಿಲು ತೆಗೆಯುವ ಹೊತ್ತಿಗೆ ಮುಟ್ಟುತ್ತೇನೆ. ಒಂದು ದಿನ ಪೆಟ್ಟಿಗೆ ರಾಜಧಾನಿ ಫೀನಿಕ್ಸಿಗೆ ಹೋಗಿದೆ ಅಂದರು. ಫೀನಿಕ್ಸಿಗೆ ಫೋನ್ ಮಾಡಿದರೆ ನಮ್ಮಲ್ಲಿ ಬಂದೇ ಇಲ್ಲ, ಅಲ್ಲೇ ಕೇಳಿ ಅಂದರು. ಮತ್ತೆ ಹೋದೆ. ಅದನ್ನು ನೋಡಿಕೊಳ್ಳುವವರು ರಜೆ. ಆಮೇಲೆ ಹೋದಾಗ ಅವರು ಇದ್ದರು, ಆದರೆ ಬೀಗದ ಕೈ ಇನ್ನೊಬ್ಬರ ಹತ್ತಿರ. ಸಂಬಳ ಕಟ್ ಆಯಿತು, ಪೆಟ್ರೋಲ್ ಸುಟ್ಟಿತು, ಮನೆಯಲ್ಲಿ ಹೆಂಡತಿ "ಆ ಊರಲ್ಲಿ ನಿಮಗೇನಾದರೂ ಆಸ್ತಿ ಇದೆಯಾ" ಅಂತ ಕೇಳಲು ಶುರುಮಾಡಿದಳು. ಇದನ್ನೆಲ್ಲ ನಾನು ಸಹಿಸಿಕೊಂಡೆ. ಸರ್ಕಾರಿ ಕಚೇರಿ ಅಂದರೆ ಅಲೆದಾಟ ಇದ್ದದ್ದೇ, ಕೋಲಾರದಲ್ಲಿ ಬೆಳೆದವನಿಗೆ ಅದೇನು ಹೊಸದಲ್ಲ.

ಸಹಿಸಲು ಆಗದೇ ಇದ್ದದ್ದು ಕೊನೆಯ ಸಲ ಆದದ್ದು. ಅರ್ಜಿ ಫಾರಂ ಕೊಟ್ಟರು. ಅದರಲ್ಲಿ 'ಉದ್ದೇಶ' ಅಂತ ಒಂದು ಖಾಲಿ ಜಾಗ. ನಾನು 'ಓದಲು' ಅಂತ ಬರೆದೆ. ಕೌಂಟರಿನ ಹೆಂಗಸು ಕನ್ನಡಕ ಹಣೆಗೇರಿಸಿ ಕೇಳಿದರು, ಅದರಲ್ಲಿ ನಿಮ್ಮ ಸಂಬಂಧಿಕರು ಯಾರಾದರೂ ಇದ್ದಾರಾ? ಇಲ್ಲ ಅಂದೆ. ವಕೀಲರಾ? ಅಲ್ಲ. ಪ್ರೊಫೆಸರಾ? ಅಲ್ಲಮ್ಮ, ನೈಟ್ ಶಿಫ್ಟ್ ಮಾಡುವವನು. ಅಷ್ಟರಲ್ಲಿ ಒಳಗಿನಿಂದ ಒಬ್ಬ ಹಿರಿಯರು ಬಂದರು. ಫಾರಂ ನೋಡಿದರು, ನನ್ನನ್ನು ನೋಡಿದರು. ಮೂಲ ಯಾವೂರು ಅಂತ ಕೇಳಿದರು. ಇಂಡಿಯಾ ಅಂದೆ. "ಇದು ಈ ಊರಿನವರ ಮನೆ ವಿಷಯ, ನಿಮಗೆ ಇಲ್ಲೇನು ಕೆಲಸ?" ಅಂದರು. ಫಾರಂ ಮೇಲೆ 'ಅಪೂರ್ಣ' ಅಂತ ಸೀಲು ಬಿತ್ತು. ಸೀಲಿನ ಇಂಕು ಮಾತ್ರ ಚೆನ್ನಾಗಿ ಮೂಡಿತ್ತು, ಅದೊಂದು ವಿಷಯದಲ್ಲಿ ಕಚೇರಿ ಅಚ್ಚುಕಟ್ಟು.

ಆ ಪ್ರಶ್ನೆ ಅವರಿಗೆ ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಕೇಳಿ, ನಿಮ್ಮ ಕ್ಷೇತ್ರದ ಚರಿತ್ರೆಯೇ.

ಮೊದಲ ಮಹಾಯುದ್ಧದ ಕಾಲ. ತಾಮ್ರದ ಬೆಲೆ ಗಗನಕ್ಕೇರಿತ್ತು. ಮೆಕ್ಸಿಕೋ ಗಡಿಯಿಂದ ಕೂಗಳತೆಯಲ್ಲಿರುವ ಬಿಸ್ಬೀಯಲ್ಲಿ ಫೆಲ್ಪ್ಸ್ ಡಾಡ್ಜ್ ಕಂಪನಿಯದೇ ಕಾರುಬಾರು. ದೊಡ್ಡ ಗಣಿ ಅವರದು, ಅಂಗಡಿ ಅವರದು, ಆಸ್ಪತ್ರೆ ಅವರದು, ರೈಲೂ ಅವರದೇ. 1917ರ ಜೂನ್ ಕೊನೆಯಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಸುಮಾರು 3,000 ಜನ ಕೆಲಸ ಬಿಟ್ಟು ಹೊರಬಂದರು. ಕೇಳಿದ್ದೇನು? ಡ್ರಿಲ್ಲಿಂಗ್ ಮೆಷಿನ್‌ಗೆ ಒಬ್ಬರ ಬದಲು ಇಬ್ಬರನ್ನು ಹಾಕಿ. ನಾವು ಒಳಗೆ ಇರುವಾಗ ಬ್ಲಾಸ್ಟ್ ಮಾಡಬೇಡಿ. ತಾಮ್ರದ ಬೆಲೆ ಏರಿಳಿದಂತೆ ಕೂಲಿ ಏರಿಳಿಸಬೇಡಿ, ಒಳಗೆ ದುಡಿಯುವವರಿಗೆ ದಿನಕ್ಕೆ 6 ಡಾಲರ್, ಮೇಲೆ ದುಡಿಯುವವರಿಗೆ ಐದೂವರೆ ಅಂತ ಗೊತ್ತುಮಾಡಿ. ಆ ಮೇಲಿನ ಕೆಲಸದಲ್ಲಿ ಜಾಸ್ತಿ ಇದ್ದವರು ಮೆಕ್ಸಿಕನ್ನರು. ಅವರಿಗೆ ಒಳಗಿನ ಕೆಲಸವನ್ನೇ ಕೊಡುತ್ತಿರಲಿಲ್ಲ, ಕೂಲಿಯೂ ತೀರಾ ಕಡಿಮೆ. ಚೀನೀಯರ ಕಥೆ ಇನ್ನೂ ಚೆಂದ. ಅವರು ಹಗಲು ಬಂದು ತರಕಾರಿ ಮಾರಬಹುದು, ಕತ್ತಲಾಗುವ ಮುಂಚೆ ಊರು ಬಿಡಬೇಕು. ಊರಿಗೆ ಯಾರು ಬರಬೇಕು, ಯಾರು ಬರಬಾರದು ಅನ್ನುವುದು ಅಲ್ಲಿ ಮೊದಲಿಂದಲೂ ಬಹಳ ಮುಖ್ಯವಾದ ವಿಚಾರ.

ಜುಲೈ 12, ಗುರುವಾರ. ಅವತ್ತಿನ ಪೇಪರಿನಲ್ಲಿ ಹೆಂಗಸರು ಮಕ್ಕಳು ಬೀದಿಗೆ ಬರಬೇಡಿ ಅಂತ ಹಾಕಿದ್ದರು. ಬಿಸ್ಬೀ ಇರುವ ಕೊಚೀಸ್ ಕೌಂಟಿಯ ಪೊಲೀಸ್ ಮುಖ್ಯಸ್ಥ, ಅಂದರೆ ಶೆರಿಫ್, ಹ್ಯಾರಿ ವೀಲರ್ ಸುಮಾರು 2,000 ಜನರನ್ನು ತನ್ನ ಸಹಾಯಕರು, ಡೆಪ್ಯುಟಿಗಳು ಅಂತ ಮಾಡಿ ಕೈಗೆ ಬಂದೂಕು ಕೊಟ್ಟಿದ್ದ. ಗುರುತಿಗೆ ತೋಳಿಗೊಂದು ಬಿಳಿ ಬಟ್ಟೆ. ಬೆಳಕು ಹರಿಯುವ ಹೊತ್ತಿಗೆ ಮನೆ ಮನೆಗೆ, ಖಾನಾವಳಿಗಳಿಗೆ ನುಗ್ಗಿ ಜನರನ್ನು ಎಳೆದು ತಂದರು. ಮುಷ್ಕರದವರು ಮಾತ್ರ ಅಲ್ಲ, ಅವರ ಪರ ಮಾತಾಡಿದ ಅಂಗಡಿಯವರನ್ನೂ ಬಿಡಲಿಲ್ಲ. ಜಿಮ್ ಬ್ರೂ ಅನ್ನುವ ಗಣಿ ಕೆಲಸಗಾರ ತನ್ನ ಬಾಗಿಲಿಗೆ ಬಂದ ಆರ್ಸನ್ ಮೆಕ್ರೇ ಅನ್ನುವ ಡೆಪ್ಯುಟಿಗೆ ಗುಂಡು ಹೊಡೆದ. ಜೊತೆಗಿದ್ದವರು ಬ್ರೂಗೆ ಹೊಡೆದರು. ಇಬ್ಬರೂ ಸತ್ತರು. ಉಳಿದವರನ್ನು ಎರಡು ಮೈಲಿ ನಡೆಸಿ ವಾರೆನ್ ಬಾಲ್‌ಪಾರ್ಕಿಗೆ, ಬೇಸ್‌ಬಾಲ್ ಮೈದಾನಕ್ಕೆ ತುಂಬಿದರು. ತೋಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತೀರಾ, ಬಿಡುತ್ತೇವೆ ಅಂದರು. ಕೆಲವರು ಹೋದರು. ಉಳಿದ 1,186 ಜನ ಹೋಗಲಿಲ್ಲ.

ಅವರನ್ನು 23 ದನದ ಬೋಗಿಗಳಿಗೆ ಹತ್ತಿಸಿದರು. ಬೋಗಿಗಳಲ್ಲಿದ್ದ ಸಗಣಿಯನ್ನೂ ತೆಗೆದಿರಲಿಲ್ಲ. ಜುಲೈ ತಿಂಗಳ ಮರುಭೂಮಿ ಬಿಸಿಲು ಅಂದರೆ ಏನು ಅಂತ ನಿಮಗೆ ಹೇಳಬೇಕೆ, ನೀವು ಏಸಿಯಿಲ್ಲದೆ ಕಾರಿನ ಬಾಗಿಲೂ ತೆಗೆಯುವವರಲ್ಲ. ಊರಿನ ತಂತಿ, ಟೆಲಿಫೋನು ಎರಡನ್ನೂ ಹಿಡಿತಕ್ಕೆ ತಗೊಂಡಿದ್ದರು, ಹೊರಗಿನವರಿಗೆ ಸುದ್ದಿ ಹೋಗಬಾರದು ಅಂತ. ರೈಲು ನ್ಯೂ ಮೆಕ್ಸಿಕೋದ ಕೊಲಂಬಸ್‌ಗೆ ಹೋಯಿತು, ಅಲ್ಲಿಯವರು ಇಳಿಸಿಕೊಳ್ಳಲಿಲ್ಲ. ವಾಪಸ್ ಬಂದು ಹೆರ್ಮಾನಾಸ್ ಅನ್ನುವ ಬಟಾಬಯಲಿನಲ್ಲಿ ಬಿಟ್ಟು ಹೋಯಿತು. ಸುಮಾರು 16 ಗಂಟೆ ಪ್ರಯಾಣ. ಇತ್ತ ಬಿಸ್ಬೀಗೆ ಬರುವ ದಾರಿಗಳಲ್ಲಿ ಕಾವಲು ಹಾಕಿದರು. ಬರುವವರನ್ನು ನಿಲ್ಲಿಸಿ, ಯಾರು ನೀನು, ಇಲ್ಲೇನು ಕೆಲಸ ಅಂತ ವಿಚಾರಿಸಿ, ಚೀಟಿ ಇದ್ದರೆ ಒಳಗೆ, ಇಲ್ಲದಿದ್ದರೆ ವಾಪಸ್.

ಈಗ ಗೊತ್ತಾಯಿತೇ, ಆ ಹಿರಿಯರು ನನ್ನನ್ನು ಕೇಳಿದ್ದು ಯಾವ ಕಾಲದ ಪ್ರಶ್ನೆ ಅಂತ? ನೂರು ವರ್ಷ ದಾಟಿದೆ. ದಾರಿಯ ಕಾವಲು ತೆಗೆದರು, ಕೌಂಟರಿನ ಕಾವಲು ಹಾಗೇ ಇದೆ.

ಇವರೆಲ್ಲ ದೇಶದ್ರೋಹಿಗಳು, ಜರ್ಮನಿ ಕಡೆಯವರು ಅಂತ ಆಗ ಹಬ್ಬಿಸಿದ್ದರು. ಆಮೇಲೆ ಸೈನ್ಯದವರು ಅವರನ್ನು ಹೆರ್ಮಾನಾಸ್‌ನಿಂದ ಕೊಲಂಬಸ್ ಶಿಬಿರಕ್ಕೆ ಕರೆತಂದು ತಲೆ ಎಣಿಸಿದರು. 468 ಜನ ಅಮೆರಿಕದ ಪ್ರಜೆಗಳು. 472 ಜನ ಸೈನ್ಯದ ಡ್ರಾಫ್ಟಿಗೆ, ಅಂದರೆ ಕಡ್ಡಾಯ ಸೇವೆಗೆ, ಹೆಸರು ಕೊಟ್ಟವರು. 433 ಜನ ಮದುವೆಯಾದವರು, ಅಂದರೆ ಹೆಂಡತಿ ಮಕ್ಕಳು ಬಿಸ್ಬೀಯಲ್ಲಿ, ಗಂಡ ಬಯಲಿನಲ್ಲಿ. ಇಪ್ಪತ್ತಕ್ಕೂ ಹೆಚ್ಚು ದೇಶದವರು ಇದ್ದರು, ಜರ್ಮನ್ನರು ಮಾತ್ರ ಕಡಿಮೆ. ಅಧ್ಯಕ್ಷ ವಿಲ್ಸನ್ ಕಳಿಸಿದ ಆಯೋಗವೇ ಇದು ಪೂರ್ತಿ ಕಾನೂನುಬಾಹಿರ ಅಂತ ಬರೆದುಕೊಟ್ಟಿತು. ಏನಾಯಿತು? 1920ರಲ್ಲಿ ಸುಪ್ರೀಂ ಕೋರ್ಟು ಇದು ಕೇಂದ್ರದ ಕೈಯಲ್ಲಿಲ್ಲ, ರಾಜ್ಯ ನೋಡಿಕೊಳ್ಳಬೇಕು ಅಂದಿತು. ರಾಜ್ಯ ಅದೇ ವರ್ಷ ನೋಡಿಕೊಂಡಿತ್ತು. ಗಡೀಪಾರಿನಲ್ಲಿ ಸೇರಿದ್ದ ಹ್ಯಾರಿ ವೂಟನ್ ಅನ್ನುವ ಒಬ್ಬನ ಮೇಲೆ ವಿಚಾರಣೆ ನಡೆಸಿ, 'ಅನಿವಾರ್ಯವಾಗಿತ್ತು' ಅನ್ನುವ ವಾದ ಒಪ್ಪಿ ಬಿಟ್ಟುಬಿಟ್ಟಿತು. ಒಬ್ಬರಿಗೂ ಶಿಕ್ಷೆ ಆಗಲಿಲ್ಲ. ಕೋರ್ಟುಗಳು ಪ್ರಕರಣವನ್ನು ಮದುವೆ ಮನೆಯ ಹೆಚ್ಚಿನ ಖರ್ಚಿನಂತೆ ನೀನು ಕೊಡು, ನೀನು ಕೊಡು ಅಂತ ದೂಡಿ ಮುಗಿಸಿದವು.

ಊರಿನವರನ್ನು ನಾನು ದೂರುತ್ತಿಲ್ಲ, ಇದನ್ನು ದಯವಿಟ್ಟು ಗಮನಿಸಿ. 2017ರಲ್ಲಿ ನೂರು ವರ್ಷ ತುಂಬಿದಾಗ ಬಿಸ್ಬೀ ಜನರೇ ಬೀದಿಯಲ್ಲಿ ನಿಂತು ಆ ದಿನವನ್ನು ಮತ್ತೆ ಆಡಿ ತೋರಿಸಿದರು. ಆ ಊರಿನ ಎಷ್ಟೋ ಜನ ನನಗೆ ಮನೆಗೆ ಕರೆದು ಕಾಫಿ ಕೊಟ್ಟಿದ್ದಾರೆ, ತಮ್ಮ ಮುತ್ತಜ್ಜ ಬಂದೂಕು ಹಿಡಿದ ಕಡೆ ಇದ್ದ ಅಂತ ತಾವಾಗೇ ಹೇಳಿದವರೂ ಇದ್ದಾರೆ. ಜನ ಮಾತಾಡುತ್ತಾರೆ ಸ್ವಾಮಿ. ಮುಚ್ಚಿಡುತ್ತಿರುವುದು ಕಚೇರಿಯ ಬೀರು.

ನಿನಗೇಕೆ ಇಷ್ಟು ಉಸಾಬರಿ ಅಂತ ನೀವೂ ಕೇಳಬಹುದು. ಕೇಳಬೇಕಾಗಿಲ್ಲ, ಸುಮ್ಮನೆ ಓದುವವನು ಕಾರಣ ಹೇಳಲೇಬೇಕು ಅಂತ ಕಾನೂನಿನಲ್ಲಿಲ್ಲ, ಆದರೂ ಹೇಳುತ್ತೇನೆ. ನಮ್ಮ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಚಿನ್ನ ಅಗೆದರು, ಕೆಮ್ಮು ತಗೊಂಡು ಬಂದರು. ಬಿಸ್ಬೀಯ ಕ್ವೀನ್ ಮೈನ್ ಈಗ ಪ್ರವಾಸಿಗರಿಗೆ ಇದೆಯಲ್ಲ, ಹಳದಿ ಅಂಗಿ, ಹೆಲ್ಮೆಟ್ಟು, ಲೈಟು ಕೊಟ್ಟು ಪುಟ್ಟ ರೈಲಿನಲ್ಲಿ ಒಳಗೆ ಕರೆದುಕೊಂಡು ಹೋಗುತ್ತಾರೆ. ನಾನೂ ಹೋಗಿದ್ದೆ. ಒಳಗಿನ ತಂಪು ಗಾಳಿ ಮುಖಕ್ಕೆ ಬಡಿದಾಗ ನಮ್ಮ ತಾತ ಹೇಳುತ್ತಿದ್ದ ಮಾತುಗಳೆಲ್ಲ ನೆನಪಾದವು. ಹೊರಗೆ ಬಂದು ಊರಿನ ಹಳೇ ಭಾಗದಿಂದ ಬಾಲ್‌ಪಾರ್ಕಿನ ಕಡೆ ನಡೆದು ಹೋದೆ. ದಾರಿ ಪಕ್ಕದಲ್ಲೇ ಲ್ಯಾವೆಂಡರ್ ಪಿಟ್ ಅನ್ನುವ ಬಾಯಿ ತೆರೆದ ಹಳೇ ಗಣಿ. ಹೂವಿನ ಹೆಸರಲ್ಲ, ಗಣಿಯ ಮ್ಯಾನೇಜರ್ ಒಬ್ಬರ ಹೆಸರು. ಮ್ಯಾನೇಜರ್ ಹೆಸರಿಗೆ ಅಷ್ಟು ದೊಡ್ಡ ಗುಂಡಿ ಸಿಕ್ಕಿದೆ. ದನದ ಬೋಗಿ ಹತ್ತಿದ ಒಬ್ಬ ಸರ್ಬಿಯನ್ನೋ ಮೆಕ್ಸಿಕನ್ನೋ ಅವನ ಹೆಸರು, ಅವನ ಮನೆ ನಂಬರು, ಅವನ ಬಾಗಿಲು ಬಡಿದವನ ಹೆಸರು ನನಗೆ ಓದಬೇಕು ಅನ್ನಿಸಿತು. ಅಷ್ಟೇ ಕಾರಣ. ಫಾರಂನಲ್ಲಿ 'ಓದಲು' ಅಂತ ಬರೆದದ್ದು ಅದಕ್ಕೇ. ಸುಮ್ನೆ ಬರೆದದ್ದಲ್ಲ.

ಈಗ ಮತ್ತೆ ಕೇಳುತ್ತೇನೆ. ಪೆಟ್ಟಿಗೆ ಎಲ್ಲಿದೆ ಅಂತ ಬರಹದಲ್ಲಿ ಹೇಳಿಸಿ. ಯಾವ ದಿನ ಬರಬೇಕು ಅಂತ ಹೇಳಿಸಿ. ಆ ದಿನ ಬೀಗದ ಕೈ ಇರುವವರನ್ನು ಕೂರಿಸಿ. ನೋಡಲು ಬಿಡಿ. ಕೊಡಲು ಆಗದ ಕಾಗದ ಏನಾದರೂ ಇದ್ದರೆ ಯಾವ ಕಾನೂನಿನ ಪ್ರಕಾರ ಅಂತ ಸಹಿ ಹಾಕಿ ಕೊಡಲಿ. ಇಲ್ಲಿ ಕೇಳಿದರೆ ಅಲ್ಲಿ, ಅಲ್ಲಿ ಕೇಳಿದರೆ ಇಲ್ಲಿ ಅನ್ನುವುದು ಬೇಡ. ಸತ್ತವರ ಮಾನ ಹೋಗುತ್ತದೆ ಅನ್ನುವ ನೆಪವೂ ಬೇಡ, ಹೆಸರು ಓದಿದರೆ ಹೋಗುವ ಮಾನ 1917ರಲ್ಲೇ ಹೋಗಿದೆ.

ನಿಮ್ಮದೊಂದು ಫೋನ್ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಚುನಾವಣೆಗೆ ಮುಂಚೆ ನೀವೇ ನಮ್ಮ ಬಾಗಿಲಿಗೆ ಬಂದು ಏನೇ ಇದ್ದರೂ ಒಂದು ಫೋನ್ ಮಾಡಿ ಅಂದಿದ್ದಿರಿ. ಮಾಡಿದೆ. ಈಗ ನೀವು ಮಾಡಿ. ಮುಂದಿನ ತಿಂಗಳ ಮೊದಲ ಸೋಮವಾರ ಪಾಳಿ ಮುಗಿಸಿ ಮತ್ತೆ ಅದೇ ಕೌಂಟರಿಗೆ ಹೋಗುತ್ತೇನೆ, ಅದೇ ಫಾರಂ ತುಂಬುತ್ತೇನೆ, ಉದ್ದೇಶದ ಜಾಗದಲ್ಲಿ ಅದೇ ಬರೆಯುತ್ತೇನೆ. ಅಷ್ಟರೊಳಗೆ ಉತ್ತರ ಕಳಿಸಿ. ಕಂಪ್ಯೂಟರ್ ಕಳಿಸುವ ಉತ್ತರ ಬೇಡ, ಅದು ನನ್ನ ಹತ್ತಿರ ಬೇಕಾದಷ್ಟಿದೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ, ಮೂಲ ಕೋಲಾರ