ಹಾಸನದಲ್ಲಿ ಮನೆ ಹುಡುಕುತ್ತಿರುವ ಗೆಳೆಯನಿಗೊಂದು ಪತ್ರ

ಗೆಳೆಯಾ,

ನೀನು ಕಳಿಸಿದ ಮೂರೂ ಲೊಕೇಶನ್ ನೋಡಿದೆ. ಬೇಲೂರು ರಸ್ತೆ ಕಡೆ, ರಿಂಗ್ ರೋಡ್ ಆಚೆಗಿನ ಹೊಸ ಲೇಔಟ್‌ನ 40-60 ಸೈಟು. ಸಾಲಗಾಮೆ ರಸ್ತೆಯ ಒಳಗಿನ ಮಹಡಿ ಮನೆ. ಹಾಸನದ ಊರೊಳಗಿನ ಕೆ.ಆರ್. ಪುರಂನ ಹಳೇ ಮನೆ. ನಿನ್ನ ಮನಸ್ಸು ಸೈಟಿನ ಮೇಲಿದೆ ಅಂತ ನೀನು ಹೇಳದಿದ್ದರೂ ಗೊತ್ತಾಯಿತು. ಅದರದ್ದೇ ಹತ್ತಾರು ಫೋಟೋ ಇವೆ, ಉಳಿದ ಎರಡಕ್ಕೆ ಒಂದೊಂದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಬೇಜಾರು ಮಾಡ್ಕೋಬೇಡ. ಈ ಮನೆಯಲ್ಲಿ ಇರುವವನು ನೀನಲ್ಲ. ಇನ್ನೂ ಎಂಟು ಹತ್ತು ವರ್ಷ ನೀನು ಬೆಂಗಳೂರು ಬಿಡುವುದಿಲ್ಲ. ಶುಕ್ರವಾರ ರಾತ್ರಿ ಬಂದು ಭಾನುವಾರ ಸಂಜೆ ಹೊರಡುವ ನೆಂಟ ನೀನು. ಇರುವವರು ಅಪ್ಪ, ಅಮ್ಮ. ಇಬ್ಬರಿಗೂ ಕಾರು ಓಡಿಸಲು ಬರುವುದಿಲ್ಲ. ಅಪ್ಪನ ಸ್ಕೂಟರನ್ನು ಹಟ ಮಾಡಿ ಮಾರಿಸಿದವನು ನೀನೇ. ಹಾಗಾಗಿ ಏರಿಯಾ ಆರಿಸುವಾಗ ನಿನ್ನ ಕಾರಿನ ಲೆಕ್ಕ ಬಿಡು, ಅವರ ಕಾಲಿನ ಲೆಕ್ಕ ಹಿಡಿ.

ಆ ಲೇಔಟ್ ನೋಡಲು ಚೆನ್ನಾಗಿದೆ, ಇಲ್ಲ ಅನ್ನಲ್ಲ. ಕಮಾನು ಇದೆ, ಡಾಂಬರು ಇದೆ, ಎದುರಿಗೆ ಹೊಲ ಇದೆ. ಆದರೆ ಸಂಜೆ ಏಳರ ಮೇಲೆ ಹೋಗಿ ನೋಡು. ಅಷ್ಟು ಸೈಟಿನ ನಡುವೆ ದೀಪ ಉರಿಯುವುದು ಅಲ್ಲೊಂದು ಇಲ್ಲೊಂದು ಮನೆಯಲ್ಲಿ. ಖಾಲಿ ಸೈಟುಗಳಲ್ಲಿ ಪಾರ್ಥೇನಿಯಂ ಸೊಂಟದುದ್ದ ಬೆಳೆದಿದೆ. ಕೊಂಡವರಲ್ಲಿ ಹೆಚ್ಚಿನವರು ನಿನ್ನ ಹಾಗೇ ಹೊರಗೆ ಇರುವವರು. ರೇಟು ಏರಲಿ ಅಂತ ಕಾಯುತ್ತಿದ್ದಾರೆ, ಮನೆ ಕಟ್ಟುವ ಅವಸರ ಯಾರಿಗೂ ಇಲ್ಲ. ಅಲ್ಲಿ ಅಮ್ಮ ಯಾರ ಮನೆ ಜಗಲಿಯಲ್ಲಿ ಕೂತು ಮಾತಾಡಬೇಕು ಹೇಳು?

ಬೀದಿ ದೀಪ ಕೆಟ್ಟರೆ ಇನ್ನೊಂದು ತಮಾಷೆ. ಲೇಔಟ್ ಮಾಡಿದವರು "ಪಂಚಾಯಿತಿಗೆ ಹೇಳಿ" ಅನ್ನುತ್ತಾರೆ. ಪಂಚಾಯಿತಿಯವರು "ನಮಗಿನ್ನೂ ಹಸ್ತಾಂತರ ಆಗಿಲ್ಲ" ಅನ್ನುತ್ತಾರೆ. ಇದು ಒಂದು ಲೇಔಟ್‌ನ ಕತೆ ಅಲ್ಲ, ಊರ ಹೊರಗೆ ಎಲ್ಲಿ ಹೋದರೂ ಇದೇ ಹಾಡು. ಒಳಚರಂಡಿ ಊರಿನ ಲೈನಿಗೆ ಸೇರಿದೆಯೋ, ಇಲ್ಲ ಮನೆಗೊಂದು ಪಿಟ್ಟು ತೆಗೆಸಬೇಕೋ? ಹೇಮಾವತಿ ನೀರಿನ ಪೈಪು ಅಲ್ಲಿಗೆ ಬಂದಿದೆಯೋ, ಇಲ್ಲ ಬೋರ್‌ವೆಲ್ ಒಂದೇ ಗತಿಯೋ? ಬ್ರೋಷರ್‌ನಲ್ಲಿ ಕ್ಲಬ್ ಹೌಸ್ ಚಿತ್ರ ಇದೆ, ಇವೆರಡರ ಸುದ್ದಿಯೇ ಇಲ್ಲ.

ಆಟೋದವರನ್ನೂ ಕೇಳಿ ನೋಡು. "ಅಲ್ಲಿಂದ ವಾಪಸ್ ಖಾಲಿ ಬರಬೇಕು ಸಾರ್" ಅಂತ ಡಬಲ್ ಕೇಳುತ್ತಾರೆ. ಅವರ ತಪ್ಪೂ ಇಲ್ಲ ಬಿಡು. ಅಪ್ಪ ತಿಂಗಳಿಗೊಮ್ಮೆ ಬಿಪಿ, ಶುಗರ್ ತೋರಿಸಲು ಊರಿನ ಸರ್ಕಾರಿ ಆಸ್ಪತ್ರೆ ಹಿಮ್ಸ್‌ಗೆ ಬರಬೇಕು. ರಾತ್ರಿ ಹತ್ತಕ್ಕೆ ಎದೆ ಹಿಡಿದುಕೊಂಡರೆ? ನೀನು ಬೆಂಗಳೂರಿಂದ ಫೋನಿನಲ್ಲಿ ಕ್ಯಾಬ್ ಬುಕ್ ಮಾಡುತ್ತಾ ಕೂರಬೇಕಾಗುತ್ತದೆ.

"ಬೂವನಹಳ್ಳಿ ಏರ್‌ಪೋರ್ಟ್ ಬಂದರೆ ರೇಟು ಎಲ್ಲಿಗೋ ಹೋಗುತ್ತೆ" ಅಂತ ಬ್ರೋಕರ್ ಹೇಳಿದ ಅಂದೆಯಲ್ಲ. ಆ ಏರ್‌ಪೋರ್ಟ್ ಸುದ್ದಿ ನಾವು ಕಾಲೇಜಿನಲ್ಲಿದ್ದಾಗಿಂದ ಕೇಳುತ್ತಿದ್ದೇವೆ. ಬಂದರೆ ಸಂತೋಷ. ಆದರೆ ಬರುವುದನ್ನು ನಂಬಿ ದುಡ್ಡು ಹಾಕಬೇಡ, ಬಂದಿರುವುದನ್ನು ನೋಡಿ ಹಾಕು. ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ಹೋಗುವ ರೈಲು 2017ರಲ್ಲಿ ಬಂತು. ಅದು ನಿನಗೆ ಪ್ರತಿ ವಾರ ಉಪಯೋಗಕ್ಕೆ ಬರುವಂಥದ್ದು. ಸ್ಟೇಷನ್ನಿಂದ ಮನೆಗೆ ಎಷ್ಟು ದೂರ ಅಂತ ಒಂದು ಸಲವಾದರೂ ನೋಡಿದೆಯಾ?

ಸಾಲಗಾಮೆ ರಸ್ತೆ ಮನೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಏರಿಯಾ ಒಳ್ಳೆಯದೇ. 1960ರಿಂದ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಅಲ್ಲಿದೆ, ಇನ್ನೂ ಮುಂದೆ ಹೋದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ. ಬಾಡಿಗೆಗೆ ಜನಕ್ಕೆ ಬರವಿಲ್ಲ, ಮೇಲಿನ ಮನೆ ಖಾಲಿ ಬೀಳುವುದಿಲ್ಲ. ಆದರೆ ಪಕ್ಕದ ಸೈಟಿನಲ್ಲಿ ನಾಳೆ ಪಿಜಿ ಎದ್ದರೆ ರಾತ್ರಿ ಹನ್ನೆರಡರವರೆಗೂ ಬೈಕ್ ಸದ್ದು ಕೇಳಬೇಕು. ಅಪ್ಪ ಒಂಬತ್ತಕ್ಕೆ ಮಲಗುವವರು. ಅದೊಂದು ಯೋಚಿಸು.

ಅಮ್ಮನಿಗೆ ಹಾಸನಾಂಬ ದೇವಸ್ಥಾನದ ಹತ್ತಿರವೇ ಮನೆ ಸಿಕ್ಕಿದರೆ ಆಸೆ ಅಂತ ಬರೆದಿದ್ದೀಯ. ಅಮ್ಮನಿಗೆ ನೀನೇ ನಿಧಾನವಾಗಿ ಹೇಳು. ಬಾಗಿಲು ತೆಗೆಯುವುದು ವರ್ಷಕ್ಕೊಂದು ಸಲ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ. ದೀಪಾವಳಿ ಮುಗಿಯುವವರೆಗೆ ಅಲ್ಲಿನ ಬೀದಿಗಳಲ್ಲಿ ಬ್ಯಾರಿಕೇಡು, ಕ್ಯೂ, ಪೊಲೀಸು. ಅಲ್ಲಿ ಮನೆ ಇರುವ ನಮ್ಮ ನೆಂಟರು ಹಬ್ಬಕ್ಕೆ ತಮ್ಮ ಮನೆಗೇ ಹೋಗಲು ಗುರುತಿನ ಚೀಟಿ ತೋರಿಸುತ್ತಾರೆ. ಉಳಿದ ದಿನವೂ ಗಲ್ಲಿ ಗಲ್ಲಿಯೇ, ಆಂಬ್ಯುಲೆನ್ಸ್ ತಿರುಗುವುದು ಕಷ್ಟ.

ನನ್ನ ಓಟು ಕೆ.ಆರ್. ಪುರಂಗೆ. ಮನೆ ಚಿಕ್ಕದು, ನಿನ್ನ ಎಸ್‌ಯುವಿ ಒಳಗೆ ಹೋಗುವುದಿಲ್ಲ, ಬಾತ್‌ರೂಮ್ ಒಡೆದು ಕಟ್ಟಬೇಕು, ವೈರಿಂಗ್ ಪೂರ್ತಿ ಬದಲಾಯಿಸಬೇಕು. ಚದರ ಅಡಿಗೆ ಲೆಕ್ಕ ಹಾಕಿದರೆ ಆ ಸೈಟಿಗಿಂತ ಎಷ್ಟೋ ದುಬಾರಿ. ಆದರೆ ಹಿಮ್ಸ್ ಆಸ್ಪತ್ರೆ ಅದೇ ಏರಿಯಾದಲ್ಲಿದೆ. ತಿರುವಿನಲ್ಲೇ ಮೆಡಿಕಲ್ ಸ್ಟೋರು, ನಂದಿನಿ ಬೂತು, ಹೂ ಮಾರುವವರು. ಸೊಪ್ಪು, ತರಕಾರಿ ಗಾಡಿ ಬಾಗಿಲಿಗೇ ಬರುತ್ತದೆ. ಕಟ್ಟಿನಕೆರೆ ಮಾರ್ಕೆಟ್‌ಗೆ ಹೋದರೆ ಆಟೋದವನು ತಕರಾರು ಮಾಡದೆ ಬರುತ್ತಾನೆ. ಆ ಬೀದಿಯಲ್ಲಿ ಅಪ್ಪನ ವಯಸ್ಸಿನ ರಿಟೈರ್ಡ್ ಮೇಷ್ಟ್ರುಗಳೇ ಒಂದು ಡಜನ್ ಸಿಗುತ್ತಾರೆ. ಒಂದು ದಿನ ಅಪ್ಪ ಪೇಪರ್ ಎತ್ತಿಕೊಳ್ಳದಿದ್ದರೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ಗೇಟೆಡ್ ಲೇಔಟ್‌ನ ಸಿಸಿಟಿವಿ ಬಂದು ತಟ್ಟುತ್ತಾ?

ಹಳೇ ಮನೆಗೆ ಅದರದ್ದೇ ಆದ ತಲೆನೋವು ಇದೆ, ಅದನ್ನು ಮುಚ್ಚಿಡುವುದಿಲ್ಲ. ಖಾತೆ ತಾತನ ಹೆಸರಿನಲ್ಲೇ ಇರಬಹುದು. ವಂಶವೃಕ್ಷ ಕೇಳು, ವಿಭಾಗ ಪತ್ರ ಆಗಿದೆಯಾ ನೋಡು. ಮುಖ್ಯವಾಗಿ, ಮಾರುತ್ತಿರುವವರ ಅಕ್ಕತಂಗಿಯರ ಸಹಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕದಲ್ಲಿ 1994ರಲ್ಲೇ ಕಾನೂನು ಬಂತು, ಇಡೀ ದೇಶಕ್ಕೆ 2005ರಲ್ಲಿ. "ಅವರಿಗೆ ಮದುವೆ ಮಾಡಿ ಕೊಟ್ಟಾಯ್ತು, ಅವರದೇನೂ ತಕರಾರಿಲ್ಲ" ಅನ್ನುವ ಮಾತು ಬಂದರೆ ಅಲ್ಲೇ ನಿಲ್ಲಿಸು. ತಕರಾರು ಇಲ್ಲದವರು ಸಹಿ ಹಾಕಲು ಬರಲಿ.

ಸೈಟಿನ ಕಡೆಗೇ ಮನಸ್ಸು ಎಳೆದರೆ ಕಾಗದ ಇನ್ನೂ ಗಟ್ಟಿಯಾಗಿ ನೋಡಬೇಕು. ಕೃಷಿ ಜಮೀನು ಭೂಪರಿವರ್ತನೆ ಆಗಿದೆಯಾ, ಹುಡಾದಿಂದ, ಅಂದರೆ ಹಾಸನ ನಗರಾಭಿವೃದ್ಧಿ ಪ್ರಾಧಿಕಾರದಿಂದ, ನಕ್ಷೆ ಮಂಜೂರಾಗಿದೆಯಾ, ಸೈಟು ಮಾರಲು ಅವರು ಕೊಡುವ ಬಿಡುಗಡೆ ಆದೇಶದಲ್ಲಿ ನಿನ್ನ ಸೈಟಿನ ನಂಬರು ಇದೆಯಾ. ಈ ಮೂರನೆಯದನ್ನು ಯಾರೂ ಕೇಳುವುದಿಲ್ಲ. ಲೇಔಟ್ ಅಪ್ರೂವ್ಡ್ ಇರುತ್ತದೆ, ಆದರೆ ರಸ್ತೆ, ಚರಂಡಿ ಕೆಲಸ ಮುಗಿಯದೆ ನಿನ್ನ ಸಾಲಿನ ಸೈಟುಗಳು ಬಿಡುಗಡೆಯೇ ಆಗಿರುವುದಿಲ್ಲ. ಪಂಚಾಯಿತಿ ವ್ಯಾಪ್ತಿಯಾದರೆ ಅವರ ಆನ್‌ಲೈನ್ ಆಸ್ತಿ ದಾಖಲೆ ಇ-ಸ್ವತ್ತಿನ ನಮೂನೆ 9ರ ಜೊತೆ 11ಎ ಇರಬೇಕು. ಸಕ್ರಮವಲ್ಲದ ಆಸ್ತಿಗೆ ಕೊಡುವ 11ಬಿ ತೋರಿಸಿದರೆ ಬ್ಯಾಂಕಿನವರು ಮುಖ ತಿರುಗಿಸುತ್ತಾರೆ. ಇನ್ನೊಂದು, ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊ. ಸೈಟಿನ ಮೇಲೆ ನಿಂತು ತೆರೆದರೆ ಸರ್ವೆ ನಂಬರು ತೋರಿಸುತ್ತದೆ. ಸುತ್ತ ಕೆರೆ, ಹಳ್ಳ, ಖರಾಬು (ಸಾಗುವಳಿಗೆ ಬಾರದ ಜಾಗ) ಏನಾದರೂ ಇದ್ದರೆ ಬ್ರೋಕರ್ ಎದುರಿಗೇ ತಿಳಿಯುತ್ತದೆ.

ದುಡ್ಡಿನ ಲೆಕ್ಕದಲ್ಲಿ ರಿಜಿಸ್ಟ್ರೇಶನ್ ಸೇರಿಸಿಕೊಂಡಿಲ್ಲ ಅನ್ನಿಸುತ್ತೆ. ಸ್ಟಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಒಟ್ಟು ಶೇ 7.6ರ ಹತ್ತಿರ ಬರುತ್ತದೆ. 60 ಲಕ್ಷದ ಮನೆಗೆ ನಾಲ್ಕೂವರೆ ಲಕ್ಷ ಬೇರೆಯಾಗಿ ಎತ್ತಿಡು. ಇದಕ್ಕೆ ಬ್ಯಾಂಕ್ ಸಾಲ ಸಿಗುತ್ತದೆ ಅಂದುಕೊಳ್ಳಬೇಡ.

ಬೇಸಿಗೆಯಲ್ಲಿ ಮನೆ ನೋಡಿ ಮೆಚ್ಚಿಕೊಳ್ಳುವುದು ಸುಲಭ. ಆದಷ್ಟೂ ಆಷಾಢದಲ್ಲಿ ಬಾ. ಜಿಟಿಜಿಟಿ ಮಳೆ ಹಿಡಿದಾಗ ಪಶ್ಚಿಮದ ಗೋಡೆಗೆ ಎರಚಲು ಹೊಡೆದು ಒಳಗೆ ತೇವ ಎಷ್ಟು ಇಳಿದಿದೆ, ಬೀದಿಯಲ್ಲಿ ನೀರು ಎತ್ತ ಹರಿಯುತ್ತದೆ, ಎರಡೂ ತಾನಾಗಿ ಕಾಣುತ್ತದೆ. ಹೊಸ ಪೇಂಟ್ ವಾಸನೆ ಇದ್ದರೆ ಬೀರು ಸರಿಸಿ ಹಿಂದಿನ ಗೋಡೆ ಮುಟ್ಟಿ ನೋಡು. ಬಂದಾಗ ಬ್ರೋಕರ್ ಕಾರಿನಲ್ಲಿ ಸುತ್ತಬೇಡ. ಭಾನುವಾರ ಬೇಡ, ಕೆಲಸದ ದಿನ ಬೆಳಗ್ಗೆ ಎಂಟೂವರೆಗೆ ಅಪ್ಪ ಅಮ್ಮನನ್ನು ಕೆ.ಆರ್. ಪುರಂನಲ್ಲಿ ಇಳಿಸಿ ನೀನು ಸುಮ್ನೆ ಹಿಂದೆ ನಡೆ. ಅಮ್ಮ ಹಾಲಿನ ಬೂತಿನಲ್ಲಿ "ನಲ್ಲಿ ನೀರು ಯಾವ್ಯಾವ ದಿನ ಬಿಡ್ತಾರೆ" ಅಂತ ಕೇಳಿಯೇ ಕೇಳುತ್ತಾರೆ. ನೀನು ಕೇಳಿದರೆ ಗಿರಾಕಿ ಅಂತ ಗೊತ್ತಾಗಿ ಒಂದು ಉತ್ತರ ಬರುತ್ತದೆ, ಅಮ್ಮ ಕೇಳಿದರೆ ಬೇರೆ. ಅದೇ ದಿನ ಸಂಜೆ ಇಬ್ಬರನ್ನೂ ರಿಂಗ್ ರೋಡ್ ಆಚೆಗೂ ಕರೆದುಕೊಂಡು ಹೋಗು. ಅವರೇ ಹೇಳಲಿ.

ಆ ಸೈಟಿಗೆ ಟೋಕನ್ ಅಡ್ವಾನ್ಸ್ ಕೊಟ್ಟಿಲ್ಲ ತಾನೆ? ಕೊಡಬೇಡ ಮಾರಾಯ. ಕೆ.ಆರ್. ಪುರಂ ಮನೆಯ ಮೂವತ್ತು ವರ್ಷದ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ ಕಳಿಸು. ಈಚಿನ ವರ್ಷಗಳದ್ದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆನ್‌ಲೈನ್ ಸಿಗುತ್ತದೆ, ಹಳೆಯದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳು. ಇಲ್ಲಿ ನನಗೆ ಪರಿಚಯದ ವಕೀಲರಿದ್ದಾರೆ, ಹಳೇ ಕಾಗದ ಓದುವುದರಲ್ಲಿ ಗಟ್ಟಿಗರು, ಫೀಸೂ ಜಾಸ್ತಿ ಇಲ್ಲ. ಬರುವ ತಾರೀಖು ಎರಡು ದಿನ ಮೊದಲೇ ತಿಳಿಸು, ನಾನೂ ರಜೆ ಹಾಕುತ್ತೇನೆ.

ಇಂತಿ ನಿನ್ನ,
ಹಾಸನದ ಗೆಳೆಯ