ಉಪ್ಪಾಗೆ ಹಣ್ಣಾಗುವವರೆಗೆ ಕಾಯೋಣ: ಸಿಂಗಳೀಕಗಳಿಗಾಗಿ ದೇಣಿಗೆ ಮನವಿ

ಆತ್ಮೀಯರೇ,

ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಘಟ್ಟದಂಚಿನ ಹಳ್ಳಿಯೊಂದರಿಂದ, ಊರವರೇ ಸೇರಿ ನಡೆಸುತ್ತಿರುವ ಪುಟ್ಟ ಟ್ರಸ್ಟಿನ ಪರವಾಗಿ ನಮಸ್ಕಾರ. ಕೇಳುತ್ತಿರುವುದು ಹಣವನ್ನೇ, ಅದನ್ನು ಮೊದಲೇ ಹೇಳಿಬಿಡುತ್ತೇವೆ.

ಹೋದ ಶ್ರಾವಣದಲ್ಲಿ ಬೆಟ್ಟದ ಮೇಲಿನ ಉಪ್ಪಾಗೆ ಎಂಬ ಹುಳಿಹಣ್ಣಿನ ಕಾಡುಮರದ ಬುಡಕ್ಕೆ ಹೋಗಿದ್ದೆವು. ತೊಡೆಗಾತ್ರದ ಕೊಂಬೆಯೊಂದು ಕೆಳಗೆ ಬಿದ್ದಿತ್ತು, ಕತ್ತಿಯೇಟಿನ ಜಾಗದಲ್ಲಿ ಹಳದಿ ಮೇಣ ಇನ್ನೂ ಒಸರುತ್ತಿತ್ತು. ಕಾಯಿ ಬಲಿತಿರಲೇ ಇಲ್ಲ. ಹತ್ತು ಮಾರು ಆಚೆ, ಮತ್ತೊಂದು ಮರದ ನೆತ್ತಿಯಲ್ಲಿ ಸಿಂಗಳೀಕ ಎಂಬ ಕಾಡುಮಂಗಗಳ ಗುಂಪು. ತಾಯಿಯೊಂದು ಮರಿಯನ್ನು ಹೊಟ್ಟೆಗವಚಿಕೊಂಡು, ಎರಡೂ ಕೆನ್ನೆ ಉಬ್ಬುವಷ್ಟು ಹಣ್ಣು ತುಂಬಿಕೊಂಡು ನಮ್ಮನ್ನೇ ನೋಡುತ್ತಿತ್ತು. ಮುಖದ ಸುತ್ತ ಬೆಳ್ಳಿಗೂದಲು, ಮೈಯೆಲ್ಲ ಕಪ್ಪು, ಬಾಲದ ತುದಿಗೆ ಸಿಂಹದಂತೆ ಕುಚ್ಚು. ಮಳೆ ಜೋರಾಯಿತು, ಅವು ಕೊಂಬೆಯಿಂದ ಕೊಂಬೆಗೆ ಹಾರಿ ಮರೆಯಾದವು.

ಮಂಗ ಎಂದರೆ ಊರಲ್ಲಿ ಸಿಟ್ಟಿದೆ, ನಮಗೂ ಇದೆ. ಬಾಳೆಗೊನೆ ಹಾಳಾದವರಿಗೆ ಗೊತ್ತು ಆ ಸಂಕಟ. ಆದರೆ ನಮ್ಮ ತೋಟ ಹಾಳುಮಾಡುವುದು ಬೇರೆ ಮಂಗ. ಸಿಂಗಳೀಕ ಮರ ಬಿಟ್ಟು ಇಳಿಯುವುದೇ ಅಪರೂಪ. ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಡಿನಲ್ಲಿ ಅದು ಇಲ್ಲ. ಕರ್ನಾಟಕ, ಕೇರಳ, ತಮಿಳುನಾಡು ಮೂರೂ ಸೇರಿ ಉಳಿದಿರುವುದು ಕೆಲವೇ ಸಾವಿರ. ಹೆಣ್ಣು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಮುಂದಿನದಕ್ಕೆ ಎರಡು ಮೂರು ವರ್ಷ ಬೇಕು. ಶಿರಸಿ-ಹೊನ್ನಾವರ ಕಾಡಿನಲ್ಲಿ ಮೂವತ್ತಕ್ಕೂ ಹೆಚ್ಚು ಗುಂಪುಗಳಿವೆ ಎಂದು ಸಂಶೋಧಕರು ಎಣಿಸಿ ತೋರಿಸಿದ ಮೇಲೆ, 2011ರಲ್ಲಿ ಅಘನಾಶಿನಿ ಕಣಿವೆಯ ಸುಮಾರು 300 ಚದರ ಕಿ.ಮೀ. ಕಾಡು ಸಿಂಗಳೀಕ ಸಂರಕ್ಷಿತ ಪ್ರದೇಶವಾಯಿತು. 2019ರಲ್ಲಿ ಅದು ಶರಾವತಿ ಅಭಯಾರಣ್ಯದೊಂದಿಗೆ ಸೇರಿತು. ಅಭಯಾರಣ್ಯ ಎಂದ ಕೂಡಲೇ ಊರಿಗೆ ಭಯ, ಅದನ್ನೂ ಮುಚ್ಚಿಡುವುದಿಲ್ಲ. ಕಾಡುತ್ಪತ್ತಿಯಿಂದಲೇ ಮಳೆಗಾಲ ಕಳೆಯುವ ಮನೆಗಳಿವೆ ಇಲ್ಲಿ.

ಉಪ್ಪಾಗೆಯ ಕಥೆಯೇ ಹಾಗೆ. ನಮ್ಮ ಅಜ್ಜಿಯಂದಿರು ಬೀಜದಿಂದ ತುಪ್ಪ ತೆಗೆಯುತ್ತಿದ್ದರು, ಸಿಪ್ಪೆ ಹುಳಿಗೆ. ಮೈತೂಕ ಇಳಿಸುವ ಮಾತ್ರೆಗೆಂದು ಸಿಪ್ಪೆ ಪರದೇಶಕ್ಕೆ ಹೊರಟ ಮೇಲೆ ದರ ಏರಿತು, ಕತ್ತಿಯೂ ಮರ ಏರಿತು. "ನಾ ಬಿಟ್ರೆ ಇನ್ನೊಬ್ಬ ಕೊಯ್ತ" ಎನ್ನುವುದೇ ಎಲ್ಲರ ಮಾತು. ಸಾಲದ್ದಕ್ಕೆ ಜಡಿಮಳೆಯಲ್ಲಿ ಬಿಸಿಲೆಲ್ಲಿ? ಸಿಪ್ಪೆಯನ್ನು ಬೆಂಕಿಯ ಮೇಲೇ ಒಣಗಿಸಬೇಕು. ಹಗಲು ರಾತ್ರಿ ಹೊಗೆಯಲ್ಲಿ ಕಣ್ಣುರಿಸಿಕೊಳ್ಳುವವರು ಹೆಂಗಸರು, ಉರಿಯುವುದು ಅದೇ ಕಾಡಿನ ಕಟ್ಟಿಗೆ.

ಹೀಗಾಗಿ ನಮ್ಮ ಜಗಳ ಕೊಯ್ಯುವವರ ಮೇಲಲ್ಲ. ಮೂರು ಕೇರಿಗಳಲ್ಲಿ ಸಭೆ ಸೇರಿಸಿ ಮಾತಾಡಿದೆವು: ಕೊಂಬೆ ಕಡಿಯುವುದಿಲ್ಲ, ಹಣ್ಣಾಗುವವರೆಗೆ ಕಾಯುತ್ತೇವೆ, ಮರದ ತುದಿಯ ಹಣ್ಣು ಸಿಂಗಳೀಕಕ್ಕೆ. ಮೊದಲ ಸಭೆಗೆ ಬಂದವರು ಏಳು ಜನ, ಅದರಲ್ಲಿ ಇಬ್ಬರು ಚಹಾಕ್ಕೆ. ಈಗ ನಲವತ್ತು ಮನೆಗಳು ಒಪ್ಪಿವೆ. 1983ರಲ್ಲಿ ಸಾಲ್ಕಣಿಯ ಜನ ಕಡಿಯಲು ಬಿಡದೆ ಮರ ಅಪ್ಪಿಕೊಂಡ ಸೀಮೆ ಇದು, ಮಾತು ಕೊಟ್ಟರೆ ಉಳಿಸಿಕೊಳ್ಳುತ್ತಾರೆ.

ನಮ್ಮ ಪಾಲಿನ ಮಾತು ಉಳಿಯಬೇಕಾದರೆ ನಿಮ್ಮ ನೆರವು ಬೇಕು. ಕಟ್ಟಿಗೆ ಕಡಿಮೆ ಬೇಡುವ, ಹೊಗೆ ಕೊಳವೆಯಲ್ಲಿ ಹೊರಹೋಗುವ ಆರು ಒಣಗಿಸುವ ಒಲೆಗಳಿಗೆ, ಒಂದಕ್ಕೆ 18,000 ರೂಪಾಯಿಯಂತೆ, 1,08,000. ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟಗಳಲ್ಲಿ ನೆಡಲು 400 ಉಪ್ಪಾಗೆ ಕಸಿ ಗಿಡ, ಬೇಲಿ ಮತ್ತು ಎರಡು ವರ್ಷದ ಆರೈಕೆ ಸೇರಿ ಗಿಡಕ್ಕೆ 150ರಂತೆ 60,000. ಬೀಜದ ಗಿಡ ಅಗ್ಗವಲ್ಲವೇ ಎಂದು ಕೇಳುವಿರಿ. ಉಪ್ಪಾಗೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜ ನೆಟ್ಟು ಹತ್ತು ವರ್ಷ ಕಾದರೆ ಅರ್ಧದಷ್ಟು ಗಂಡಾಗಿ ಕೈಕೊಡುತ್ತವೆ, ಹೆಣ್ಣು ಮರದಿಂದ ಕಸಿ ಕಟ್ಟಿದ್ದು ಹೆಣ್ಣೇ. ಪರಾಗಕ್ಕೆ ಬೇಕಾದ ಗಂಡು ಕಾಡಿನಲ್ಲೇ ಇವೆ. ನಡುನಡುವೆ ವಾಟೆ, ಮುರುಗಲು, ಹೆಬ್ಬಲಸಿನ ಸಸಿಗಳನ್ನು ನಾವೇ ಎಬ್ಬಿಸಿದ್ದೇವೆ, ಅದಕ್ಕೆ ಹಣ ಬೇಡ.

ಉಳಿದ 12,000 ಓಡಾಟಕ್ಕೆ. ಶರಾವತಿ ಕಣಿವೆಯಲ್ಲಿ ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗೆ ಹರಿಸಿ ವಿದ್ಯುತ್ ತೆಗೆಯುವ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ಬಂದಾಗಿನಿಂದ ಸಭೆ, ಅರ್ಜಿ, ಬಸ್ ಚಾರ್ಜು ಮುಗಿಯುತ್ತಿಲ್ಲ. ಅದಕ್ಕಾಗಿ ನಡುವೆ ಮರ ಕಡಿದು ಬಯಲಾದರೆ ಸಿಂಗಳೀಕದ ಗುಂಪು ಆಚೆಗೆ ದಾಟುವುದೇ ಕಷ್ಟ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಅಣೆಕಟ್ಟಿನ ಯೋಜನೆ ಕೈಬಿಟ್ಟು, 1984ರಲ್ಲಿ ಕಾಡು ರಾಷ್ಟ್ರೀಯ ಉದ್ಯಾನವಾದಾಗ ಜನರ ದನಿಗೆ ಮುಖವಾಗಿ ನಿಂತದ್ದು ಇದೇ ಪ್ರಾಣಿ.

ಒಟ್ಟು 1,80,000. ಊರಲ್ಲೇ 41,000 ಕೂಡಿದೆ, ಅದರಲ್ಲಿ ಉಪ್ಪಾಗೆ ಮಾರಿದ ದುಡ್ಡೂ ಇದೆ. ಒಂದು ಗಿಡದ ಲೆಕ್ಕದಲ್ಲಿ 150 ಕೊಟ್ಟರೂ ಸರಿ, ನಾಲ್ಕು ಜನ ಸೇರಿ ಒಂದು ಒಲೆ ಕೊಡಿಸಿದರೂ ಸರಿ. ತೆರಿಗೆ ವಿನಾಯಿತಿ ನಮಗಿನ್ನೂ ಸಿಕ್ಕಿಲ್ಲ, ರಸೀದಿ ಮಾತ್ರ ತಪ್ಪದೆ ಕೊಡುತ್ತೇವೆ. ದೀಪಾವಳಿ ಕಳೆದ ಮೊದಲ ಭಾನುವಾರ ಶಾಲೆಯ ಜಗುಲಿಯಲ್ಲಿ ಲೆಕ್ಕ ಓದುತ್ತೇವೆ, ಕೊಟ್ಟವರು ಬಂದು ಕೇಳಬಹುದು. ಊಟ ನಮ್ಮಲ್ಲೇ. ಬೆಳಗ್ಗೆ ಬೇಗ ಬಂದರೆ ಬೆಟ್ಟಕ್ಕೂ ಕರೆದೊಯ್ಯುತ್ತೇವೆ, ಸಿಂಗಳೀಕ ಕಂಡೇ ಕಾಣುತ್ತದೆ ಎಂಬ ಭರವಸೆ ಕೊಡಲಾರೆವು. ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಸುಣ್ಣ-ಹೊಗೆಸೊಪ್ಪು ತನ್ನಿ.

ಇಂತಿ ನಿಮ್ಮ,
ಟ್ರಸ್ಟಿನ ಕಾರ್ಯದರ್ಶಿ ಮತ್ತು ಊರವರು