ಎರಡೆಕರೆಗೆ ಅಲೆದಾಟ, ಎಂಟು ಕೋಟಿಗೆ ಸರಾಗ ದಾರಿ

ಮಾನ್ಯ ಸಂಪಾದಕರೇ,

2024ರ ಲೋಕಸಭಾ ಚುನಾವಣೆಯ ನಡುವೆ ಕಾಂಗ್ರೆಸ್ಸಿನ ಸ್ಯಾಮ್ ಪಿತ್ರೋಡಾ ಅವರು ಅಮೆರಿಕದ ಉತ್ತರಾಧಿಕಾರ ತೆರಿಗೆಯ (ಸತ್ತವರ ಆಸ್ತಿ ವಾರಸುದಾರರಿಗೆ ಬರುವಾಗ ಬೀಳುವ ತೆರಿಗೆ) ಬಗ್ಗೆ ಆಡಿದ ಮಾತು ದೊಡ್ಡ ಗದ್ದಲ ಎಬ್ಬಿಸಿತು. ಅವರ ಪಕ್ಷವೇ ಆ ಮಾತಿನಿಂದ ದೂರ ಸರಿಯಿತು. ಅಂದಿನಿಂದ ಈ ವಿಷಯವನ್ನು ಮುಟ್ಟಲು ಯಾರಿಗೂ ಧೈರ್ಯ ಇದ್ದಂತಿಲ್ಲ. ಆದರೆ 1953ರಿಂದ 1985ರವರೆಗೆ ನಮ್ಮ ದೇಶದಲ್ಲೂ ಇಂಥದೇ ತೆರಿಗೆ ಇತ್ತು. ಅದು ಯಾಕೆ ಸೋತಿತು, ಅದಿಲ್ಲದೆ ಇಂದು ದೊಡ್ಡ ಆಸ್ತಿಗಳು ಹೇಗೆ ಕೈಬದಲಾಗುತ್ತಿವೆ ಎಂಬುದನ್ನು ತಿಳಿಯದೆ ಪರ-ವಿರೋಧ ಕೂಗುವುದರಿಂದ ಪ್ರಯೋಜನವಿಲ್ಲ.

ಬೆಂಗಳೂರಿನಲ್ಲಿ ಇಂದು 8 ಕೋಟಿ ರೂಪಾಯಿ ಬಾಳುವ ಒಂದು ಹಳೆಯ ಮನೆ ಇದೆಯೆನ್ನಿ. ಸಂಬಳದ ದುಡಿಮೆಯಿಂದ ಅದನ್ನು ಕೊಳ್ಳುವವರು ಮೊದಲು ಆದಾಯ ತೆರಿಗೆ ಕಟ್ಟಿರಬೇಕು. ಹೊಸ ಪದ್ಧತಿಯಲ್ಲಿ 24 ಲಕ್ಷ ದಾಟಿದ ಆದಾಯದ ಪ್ರತಿ 100 ರೂಪಾಯಿಗೆ ಸೆಸ್ ಸೇರಿ 31 ರೂಪಾಯಿ 20 ಪೈಸೆ. ಉಳಿದ ಹಣದಲ್ಲಿ ಮನೆ ಕೊಂಡರೆ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ಸು, ಸರ್ಚಾರ್ಜು. 2025ರ ಆಗಸ್ಟ್ 31ರಿಂದ ಶೇ 1 ಇದ್ದ ನೋಂದಣಿ ಶುಲ್ಕ ಶೇ 2 ಆಗಿದೆ. ಒಟ್ಟು ಶೇ 7.6. ಎಂಟು ಕೋಟಿಗೆ 60 ಲಕ್ಷದ 80 ಸಾವಿರ.

ಅದೇ ಮನೆಯನ್ನು ತಂದೆ ಮಗನಿಗೆ ದಾನಪತ್ರ ಮಾಡಿಕೊಟ್ಟರೆ ಆದಾಯ ತೆರಿಗೆ ಸೊನ್ನೆ. ಹೊರಗಿನವರಿಂದ ವರ್ಷಕ್ಕೆ 50 ಸಾವಿರಕ್ಕಿಂತ ಹೆಚ್ಚಿನ ಉಡುಗೊರೆ ಬಂದರೆ ಅದು ಆದಾಯವಾಗುತ್ತದೆ. ತಂದೆ, ತಾಯಿ, ಅಜ್ಜ, ಒಡಹುಟ್ಟಿದವರಿಂದ ಎಷ್ಟು ಕೋಟಿ ಬಂದರೂ ಆಗುವುದಿಲ್ಲ. ಮುದ್ರಾಂಕ ಶುಲ್ಕವೂ ಆಸ್ತಿಯ ಬೆಲೆಯನ್ನು ನೋಡುವುದಿಲ್ಲ. ಕುಟುಂಬದೊಳಗಿನ ದಾನಕ್ಕೆ ಕರ್ನಾಟಕದಲ್ಲಿ ಕೆಲವು ಸಾವಿರ ರೂಪಾಯಿಯ ನಿಗದಿತ ಮೊತ್ತವಷ್ಟೆ. ನಗರದ ಮೂವತ್ತು ನಲವತ್ತರ ಸೈಟಿಗೂ ಅದೇ, ಇಪ್ಪತ್ತು ಕೋಟಿಯ ಬಂಗಲೆಗೂ ಅದೇ. ಮರಣಶಾಸನ ಬರೆದಿಟ್ಟರೆ ಅಷ್ಟೂ ಬೇಕಿಲ್ಲ.

ಮಾರುವಾಗ ಹೇಗೂ ತೆರಿಗೆ ಬೀಳುತ್ತದಲ್ಲ ಎನ್ನುವವರಿದ್ದಾರೆ. ಆ ಲೆಕ್ಕವನ್ನೂ ಹಾಕೋಣ. ಹಿಂದಿನ ಮಾಲೀಕ ಕೊಂಡ ಬೆಲೆಯೇ ಮಗನ ಕೊಂಡ ಬೆಲೆಯಾಗುತ್ತದೆ. ಆಸ್ತಿ 2001ಕ್ಕೂ ಮುಂಚಿನದಾದರೆ ಆ ವರ್ಷದ ಏಪ್ರಿಲ್ 1ರ ಬೆಲೆಯನ್ನು ಹಿಡಿಯಬಹುದು. ಆ ಬೆಲೆ 20 ಲಕ್ಷ ಇತ್ತೆಂದರೆ ಲಾಭ 7 ಕೋಟಿ 80 ಲಕ್ಷ. ಶೇ 12.5ರಂತೆ ತೆರಿಗೆ, ಮೇಲೆ ಸರ್ಚಾರ್ಜು, ಸೆಸ್ಸು ಸೇರಿ ಸುಮಾರು 1 ಕೋಟಿ 17 ಲಕ್ಷ. ಕೇಳಲು ದೊಡ್ಡ ಮೊತ್ತವೇ. ಆದರೆ ಆ ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ಮನೆಗೆ ಹಾಕಿದರೆ 10 ಕೋಟಿಯವರೆಗೆ ಪೂರ್ತಿ ವಿನಾಯಿತಿ. ಸಂಬಳದವರಿಗೆ ಇಂಥ ಹಿಂಬಾಗಿಲು ಯಾವುದಿದೆ? ಐದು ಕೋಟಿ ಮೀರಿದ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ಗರಿಷ್ಠ ದರ ಶೇ 39. ಅಷ್ಟೇ ಮೊತ್ತದ ದೀರ್ಘಾವಧಿ ಬಂಡವಾಳ ಲಾಭಕ್ಕೆ ಶೇ 14.95. ಬೆವರಿಗೆ ಹೆಚ್ಚು ತೆರಿಗೆ, ಬಂದದ್ದನ್ನು ಕಾದಿಟ್ಟುಕೊಂಡದ್ದಕ್ಕೆ ಕಡಿಮೆ.

ಆ 7 ಕೋಟಿ 80 ಲಕ್ಷ ಹೆಚ್ಚಿದ್ದಾದರೂ ಹೇಗೆ? ಮಗ ದುಡಿದದ್ದಲ್ಲ, ತಂದೆಯೂ ಹೆಚ್ಚಿಸಿದ್ದಲ್ಲ. ಬಡಾವಣೆಗೆ ಕಾವೇರಿ ನೀರು ಬಂತು, ರಿಂಗ್ ರಸ್ತೆ ಬಂತು, ಮೆಟ್ರೊ ಬಂತು. 2025ರ ಆಗಸ್ಟ್‌ನಲ್ಲಿ ಓಡಲು ಶುರುವಾದ ಹಳದಿ ಮಾರ್ಗದ ಅಕ್ಕಪಕ್ಕದ ಸೈಟುಗಳ ಬೆಲೆ ಏರಿದ್ದು ಸಾರ್ವಜನಿಕ ಹಣದಿಂದ, ಸಾಲದಿಂದ, ಅಲ್ಲಿ ಕೆಲಸ ಮಾಡಿದವರ ಶ್ರಮದಿಂದ. ಆ ಸಾಲ ತೀರಿಸುವುದರಲ್ಲಿ ಬೀದಿಬದಿ ಟೀ ಕುಡಿಯುವವನ ಜಿಎಸ್‌ಟಿಯೂ ಸೇರಿದೆ. ಆಸ್ತಿಯ ಏರಿಕೆಯಲ್ಲಿ ಸಮಾಜದ ಪಾಲು ಕೇಳುವುದನ್ನು ಅಸೂಯೆ ಎನ್ನುವವರು ಈ ಲೆಕ್ಕಕ್ಕೆ ಉತ್ತರ ಹೇಳಬೇಕು. ‘ಒಮ್ಮೆ ತೆರಿಗೆ ಕಟ್ಟಿದ ಹಣಕ್ಕೆ ಮತ್ತೆ ತೆರಿಗೆಯೇ’ ಎಂಬ ಆಕ್ಷೇಪಕ್ಕೂ ಇಲ್ಲೇ ಉತ್ತರವಿದೆ: ಮಾರದ ಸೈಟಿನ, ಮಾರದ ಷೇರಿನ ಏರಿಕೆಗೆ ಒಮ್ಮೆಯೂ ತೆರಿಗೆ ಬಿದ್ದಿರುವುದಿಲ್ಲ. ಕಂಪನಿಯ ಹಿಡಿತ ಇಟ್ಟುಕೊಂಡ ಕುಟುಂಬಗಳಿಗೆ ಷೇರು ಮಾರುವ ಅಗತ್ಯವೂ ಬೀಳುವುದಿಲ್ಲ. ಹಣ ಬೇಕಾದರೆ ಅಡವಿಟ್ಟು ಸಾಲ ಎತ್ತುತ್ತವೆ. 2022-23ರಲ್ಲಿ ದೇಶದ ಸಂಪತ್ತಿನ ಶೇ 40.1 ಪಾಲು ಮೇಲಿನ ಶೇ 1ರಷ್ಟು ಜನರ ಕೈಯಲ್ಲಿತ್ತು ಎಂದು ವಿಶ್ವ ಅಸಮಾನತೆ ಪ್ರಯೋಗಾಲಯದ ಸಂಶೋಧಕರು ಅಂದಾಜು ಮಾಡಿದ್ದಾರೆ.

ಇನ್ನು ಹಳೆಯ ಕಾನೂನಿನ ಮಾತು. ಎಸ್ಟೇಟ್ ಡ್ಯೂಟಿ ಎಂಬ ಹೆಸರಿನ ಆ ತೆರಿಗೆ 1953ರ ಅಕ್ಟೋಬರ್ 15ರಂದು ಜಾರಿಗೆ ಬಂತು. ಅವಿಭಕ್ತ ಕುಟುಂಬದ ಪಾಲಿಗೆ 50 ಸಾವಿರ, ಉಳಿದವರಿಗೆ ಒಂದು ಲಕ್ಷ ಮೀರಿದರೆ ತೆರಿಗೆ. ಮುಂದೆ ಅದರ ಗರಿಷ್ಠ ದರ ಶೇ 85ಕ್ಕೆ ಏರಿತು. ಮಿತಿ ತೀರಾ ಕೆಳಗೆ, ದರ ತೀರಾ ಮೇಲೆ. ಮಿತಿ ಕೆಳಗಿದ್ದದ್ದರಿಂದ ಒಂದು ಮನೆ, ಸ್ವಲ್ಪ ಠೇವಣಿ ಬಿಟ್ಟುಹೋದ ಮಧ್ಯಮ ವರ್ಗದವರ ಮಕ್ಕಳು ಕಚೇರಿ ಅಲೆದರು. ದರ ಮೇಲಿದ್ದದ್ದರಿಂದ ನಿಜವಾದ ಶ್ರೀಮಂತರಿಗೆ ವಕೀಲರನ್ನಿಟ್ಟು ತಪ್ಪಿಸಿಕೊಳ್ಳುವುದೇ ಅಗ್ಗವಾಯಿತು. ಸಾವಿನ ಹಿಂದಿನ ಎರಡು ವರ್ಷದೊಳಗೆ ಕೊಟ್ಟ ದಾನಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಿದ್ದರಿಂದ ಅದಕ್ಕೂ ಮುಂಚೆ ಹಂಚಿದವರು ಪಾರು. 1985ರ ಬಜೆಟ್‌ನಲ್ಲಿ ವಿ.ಪಿ. ಸಿಂಗ್ ಅದನ್ನು ರದ್ದುಮಾಡಿದಾಗ ಕೊಟ್ಟ ಕಾರಣಗಳಲ್ಲಿ ಎರಡು ಮುಖ್ಯ: ಒಂದು, ಬರುವ ಆದಾಯ ಸುಮಾರು 20 ಕೋಟಿ ಮಾತ್ರ, ವಸೂಲಿಯ ಖರ್ಚು ಹೆಚ್ಚು; ಎರಡು, ಅದೇ ಆಸ್ತಿಗೆ ವರ್ಷವರ್ಷವೂ ಬೀಳುವ ಸಂಪತ್ತು ತೆರಿಗೆ ಬೇರೆ ಇರುವುದರಿಂದ ಎರಡು ಕಾನೂನುಗಳ ಕಿರುಕುಳ ಬೇಡ.

ಎರಡನೆಯ ಕಾರಣವನ್ನು ಗಮನಿಸಬೇಕು. ಸಂಪತ್ತು ತೆರಿಗೆ ಇದೆಯೆಂದು ಎಸ್ಟೇಟ್ ಡ್ಯೂಟಿ ಹೋಯಿತು. 1998ರಲ್ಲಿ ದಾನ ತೆರಿಗೆ ಹೋಯಿತು. 2015ರಲ್ಲಿ ಅರುಣ್ ಜೇಟ್ಲಿ ಸಂಪತ್ತು ತೆರಿಗೆಯನ್ನೂ ತೆಗೆದರು. 2013-14ರಲ್ಲಿ ಅದರಿಂದ ಬಂದದ್ದು 1,008 ಕೋಟಿ. ಕಡಿಮೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ, 1993ರಿಂದಲೇ ಷೇರುಗಳನ್ನು ಅದರಿಂದ ಹೊರಗಿಟ್ಟಿದ್ದರು. ದೊಡ್ಡ ಸಂಪತ್ತು ಇರುವುದೇ ಷೇರಿನಲ್ಲಿ. ಹೀಗೆ ಒಂದನ್ನು ತೋರಿಸಿ ಇನ್ನೊಂದನ್ನು ತೆಗೆಯುತ್ತ 30 ವರ್ಷದಲ್ಲಿ ಮೂರೂ ಮಾಯವಾದವು.

ಹೊಸದಾಗಿ ತರುವುದಾದರೆ ಮಿತಿ 10 ಕೋಟಿಗಿಂತ ಕೆಳಗೆ ಇರಕೂಡದು. ದರ ಶೇ 10ರಿಂದ ಶುರುವಾಗಿ ಮೂರನೇ ಒಂದು ಭಾಗದ ಆಚೆ ಹೋಗಕೂಡದು. ತೆರಿಗೆ ಸತ್ತವರ ಆಸ್ತಿಯ ಮೇಲಲ್ಲ, ಪಡೆಯುವವರ ಪಾಲಿನ ಮೇಲೆ ಬೀಳಬೇಕು; ಆಗ ಒಬ್ಬ ಮಗನಿಗೇ ಎಲ್ಲವನ್ನೂ ಬರೆಯುವ ಬದಲು ಹಂಚುವುದು ಲಾಭದಾಯಕವಾಗುತ್ತದೆ, ಹೆಣ್ಣುಮಕ್ಕಳ ಹೆಸರೂ ಪಟ್ಟಿಗೆ ಬರುತ್ತದೆ. ಬ್ರಿಟನ್‌ನಂತೆ ಸಾವಿಗೆ ಏಳು ವರ್ಷ ಮುಂಚಿನ ದಾನಗಳನ್ನೂ ಹಿಡಿಯಬೇಕು, ಮನೆಗೂ ವ್ಯಾಪಾರಕ್ಕೂ ಹತ್ತು ವರ್ಷದ ಕಂತು ಕೊಡಬೇಕು. ಕಂತಿಲ್ಲದ ತೆರಿಗೆ ಮನೆ ಮಾರಿಸುತ್ತದೆ, ಆ ಒಂದು ಮನೆಯ ಕಥೆಯೇ ಇಡೀ ಕಾನೂನನ್ನು ಕೊಲ್ಲುತ್ತದೆ. ಜರ್ಮನಿಯಲ್ಲಿ ಒಂದೊಂದು ಮಗುವಿಗೂ 4 ಲಕ್ಷ ಯೂರೊ ವಿನಾಯಿತಿ ಇದೆ, ಅದು ಸರಿ. ಆದರೆ ವ್ಯಾಪಾರದ ಆಸ್ತಿಗೆ ಶೇ 85ರಿಂದ 100ರವರೆಗೆ ವಿನಾಯಿತಿ ಕೊಟ್ಟು ಅಲ್ಲಿ ದೊಡ್ಡ ಕುಟುಂಬಗಳನ್ನೇ ಹೊರಗೆ ಬಿಟ್ಟಿದ್ದಾರೆ. ಆ ತಪ್ಪು ಬೇಡ. ದಕ್ಷಿಣ ಕೊರಿಯಾದಲ್ಲಿ ಸ್ಯಾಮ್‌ಸಂಗ್‌ನ ಲೀ ಕುನ್-ಹೀ 2020ರಲ್ಲಿ ತೀರಿಕೊಂಡ ಮೇಲೆ ಅವರ ಕುಟುಂಬ 12 ಲಕ್ಷ ಕೋಟಿ ವಾನ್‌ಗೂ ಹೆಚ್ಚು ತೆರಿಗೆಯನ್ನು ಐದು ವರ್ಷದ ಕಂತಿನಲ್ಲಿ ಕಟ್ಟಲು ಒಪ್ಪಿತು. ಕಂಪನಿ ಮುಳುಗಲಿಲ್ಲ.

ಬೆಲೆ ಕಟ್ಟುವುದು ಹಿಂದಿನಷ್ಟು ಕಷ್ಟವಲ್ಲ. ನಿವೇಶನಕ್ಕೆ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರವಿದೆ, ಷೇರುಗಳು ಡಿಮ್ಯಾಟ್‌ನಲ್ಲಿವೆ, ಪ್ಯಾನ್‌ಗೆ ಎಲ್ಲವೂ ಜೋಡಣೆಯಾಗಿದೆ. ಕಷ್ಟ ಇರುವುದು ಖಾಸಗಿ ಟ್ರಸ್ಟಿನಲ್ಲಿ. ಷೇರುಗಳನ್ನು ಟ್ರಸ್ಟಿಗೆ ಹಾಕಿದರೆ ಯಾರೂ ‘ಸಾಯುವುದೇ’ ಇಲ್ಲ, ಫಲಾನುಭವಿಗಳು ಮಾತ್ರ ಬದಲಾಗುತ್ತಾರೆ. ಆದ್ದರಿಂದ ಕುಟುಂಬದ ಟ್ರಸ್ಟುಗಳಿಗೆ ಇಷ್ಟು ವರ್ಷಕ್ಕೊಮ್ಮೆ ತೆರಿಗೆ ಎಂದು ಕಾನೂನಿನಲ್ಲೇ ಬರೆಯದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಮುಂಚಿತವಾಗಿ ಹಂಚಿ ತಪ್ಪಿಸಿಕೊಳ್ಳುವ ಈ ಉಪಾಯ ನಮ್ಮ ನಾಡಿಗೆ ಹೊಸದಲ್ಲ. ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ರೈತರು ಎದ್ದದ್ದು ಗೇಣಿ ಅಳೆಯುವ ಕೊಳಗದ ಗಾತ್ರದ ವಿಷಯಕ್ಕೆ. ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನೇ ತೆಗೆಯಿತು. ಆಗಲೂ ಎಷ್ಟೋ ಭೂಮಾಲೀಕರು ಮನೆಮಂದಿಯ ಹೆಸರಿಗೆ ಮೊದಲೇ ಪಾಲು ಮಾಡಿ ಉಳಿಸಿಕೊಂಡರು. ಎಷ್ಟೋ ಗೇಣಿದಾರರು 1979ರ ಜೂನ್ 30ರೊಳಗೆ ಭೂಮಿಯ ಹಕ್ಕು ಕೋರುವ ಫಾರಂ 7 ಹಾಕಲಾಗದೆ ಉತ್ತ ಗದ್ದೆಯನ್ನೇ ಕಳೆದುಕೊಂಡರು. ಆದರೂ ಹುಟ್ಟಿನಿಂದ ಬಂದ ಒಡೆತನವನ್ನು ಕಾನೂನು ಬದಲಿಸಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಉತ್ತರಾಧಿಕಾರ ತೆರಿಗೆ ಎಂದಕೂಡಲೇ ಹಳ್ಳಿಯಲ್ಲಿ ಹುಟ್ಟುವ ಹೆದರಿಕೆ ‘ನಮ್ಮ ಎರಡೆಕರೆ ಹೋಯಿತು’ ಎಂಬುದು. ಕೃಷಿಭೂಮಿಯ ಉತ್ತರಾಧಿಕಾರಕ್ಕೆ ತೆರಿಗೆ ಹಾಕುವ ಅಧಿಕಾರ ಸಂವಿಧಾನದಲ್ಲಿ ರಾಜ್ಯಗಳದ್ದು, ಕೇಂದ್ರದ್ದಲ್ಲ. ಆ ಹೆದರಿಕೆಗೆ ಬುಡವಿಲ್ಲ. ಆದರೆ ಇದೇ ಜಾಗದಲ್ಲಿ ಒಂದು ತೂತಿದೆ: 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದ ಮೇಲೆ ಕರ್ನಾಟಕದಲ್ಲಿ ಕೃಷಿಯೇತರ ಆದಾಯದವರೂ ಹೊಲ ಕೊಳ್ಳಬಹುದು. ನಗರದ ಹಣ ತೆರಿಗೆಗೆ ಹೆದರಿ ಕಾಫಿ ತೋಟಕ್ಕೂ ಫಾರ್ಮ್‌ಹೌಸಿಗೂ ಓಡದಂತೆ ರಾಜ್ಯವೂ ಅದೇ 10 ಕೋಟಿ ಮಿತಿಯ ಕಾನೂನು ಮಾಡಬೇಕಾಗುತ್ತದೆ.

ಎರಡೆಕರೆಯವರ ನಿಜವಾದ ಕಷ್ಟ ತೆರಿಗೆಯದಲ್ಲ, ಪೌತಿ ಖಾತೆಯದು, ಅಂದರೆ ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ತಂದೆ ತೀರಿಕೊಂಡರೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅರ್ಜಿ, ಮ್ಯುಟೇಷನ್ (ದಾಖಲೆಯಲ್ಲಿ ಹೆಸರು ಬದಲಾವಣೆ). ಬಳಿಕ ಎಲ್ಲ ವಾರಸುದಾರರ ಹೆಸರಿನಲ್ಲಿ ಜಂಟಿ ಖಾತೆ. ಪಾಲು ಬೇರೆ ಮಾಡಲು ಅಳತೆ ಮಾಡಿಸಿ ಪಾಲಿನ ಗಡಿ ತೋರಿಸುವ 11ಇ ನಕ್ಷೆ, ವಿಭಾಗಪತ್ರದ ನೋಂದಣಿ, ಮತ್ತೆ ಮ್ಯುಟೇಷನ್. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಎರಡು ತಲೆಮಾರಿನ ಸಾವುಗಳಿಗೆ ದಾಖಲೆ ಬೇಕು. ಹಳೆಯ ಸಾವುಗಳು ನೋಂದಣಿಯಾಗಿರುವುದಿಲ್ಲ. ಅದಕ್ಕೆ ದಂಡಾಧಿಕಾರಿಯ ಆದೇಶ. ಮುಂಬೈಗೋ ಗೋವಾಕ್ಕೋ ದುಡಿಯಲು ಹೋದ ಒಬ್ಬ ಚಿಕ್ಕಪ್ಪ ಸಹಿಗೆ ಸಿಗದಿದ್ದರೆ ಅಲ್ಲಿಗೆ ನಿಂತಿತು. ಅಷ್ಟರವರೆಗೆ ಸೊಸೈಟಿಯ ಬೆಳೆಸಾಲವಿಲ್ಲ, ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ಇಲ್ಲದೆ ಬೆಳೆ ಪರಿಹಾರವಿಲ್ಲ, ಪಿಎಂ ಕಿಸಾನ್‌ನ ವರ್ಷದ 6 ಸಾವಿರವೂ ಇಲ್ಲ.

ಆ ವಂಶವೃಕ್ಷದಿಂದ ಮೊದಲು ಬಿಟ್ಟುಹೋಗುವ ಹೆಸರುಗಳು ಹೆಣ್ಣುಮಕ್ಕಳವು. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತದಲ್ಲಿ ಅವರಿಗೆ ಹಕ್ಕು ಕೊಟ್ಟಿತು, 2005ರಲ್ಲಿ ಕೇಂದ್ರ ಕೊಟ್ಟಿತು, 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕಿಲ್ಲ ಎಂದು ಸ್ಪಷ್ಟಪಡಿಸಿತು. ಆದರೂ ತವರಿನ ಬಾಗಿಲು ಮುಚ್ಚಬಾರದೆಂದು ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ಆ ಸಹಿಗೆ ಮುಂಚೆ ಅವರ ಪಾಲಿನ ಮಾರ್ಗಸೂಚಿ ಬೆಲೆ ಎಷ್ಟೆಂದು ಉಪನೋಂದಣಿ ಕಚೇರಿಯಲ್ಲಿ ಓದಿಹೇಳುವ ನಿಯಮ ಬರಬೇಕು.

ಕೇಂದ್ರವನ್ನು ಕಾಯದೆ ರಾಜ್ಯ ಸರ್ಕಾರವೇ ಮಾಡಬಹುದಾದ ಕೆಲಸ ಒಂದಿದೆ. ಕುಟುಂಬದೊಳಗಿನ ದಾನಪತ್ರಕ್ಕೆ 5 ಕೋಟಿ ಮಾರ್ಗಸೂಚಿ ಬೆಲೆಯವರೆಗೆ ಈಗಿನ ನಿಗದಿತ ಶುಲ್ಕವೇ ಇರಲಿ. ಅದರ ಮೇಲಿನ ಮೊತ್ತಕ್ಕೆ ಶೇ 2ರಷ್ಟಾದರೂ ಮುದ್ರಾಂಕ ಶುಲ್ಕ ಬರಲಿ. ಕೆಲವರು ಇದರಿಂದ ತಪ್ಪಿಸಿಕೊಳ್ಳಲು ಮರಣಶಾಸನದ ದಾರಿ ಹಿಡಿಯುತ್ತಾರೆ, ನಿಜ. ಆದರೆ ಮರಣಶಾಸನ ನೋಂದಣಿಯಾದರೂ ತಕರಾರಿಗೆ ಗುರಿಯಾಗುತ್ತದೆ ಎಂಬ ಭಯದಿಂದಲೇ ಬದುಕಿರುವಾಗ ದಾನಪತ್ರ ಮಾಡುವವರು ಹೆಚ್ಚು. ಹೀಗೆ ಬಂದ ಹಣದಿಂದ ಪ್ರತಿ ತಾಲ್ಲೂಕಿಗೆ ಹೆಚ್ಚುವರಿ ಭೂಮಾಪಕರನ್ನು ಕೊಟ್ಟು, ಎರಡೆಕರೆಯೊಳಗಿನ ಹಿಡುವಳಿಗಳ ಪೌತಿ ಖಾತೆ ಮತ್ತು 11ಇ ನಕ್ಷೆಯನ್ನು ಉಚಿತವಾಗಿ ಮಾಡಿಕೊಡಲಿ. ಮುಂದಿನ ಬಜೆಟ್‌ನಲ್ಲೇ ಇದನ್ನು ಸೇರಿಸಬೇಕೆಂದು ಕಂದಾಯ ಸಚಿವರನ್ನು ಕೋರುತ್ತೇನೆ.

– ಓರ್ವ ತೆರಿಗೆ ಸಲಹೆಗಾರ, ಶಿವಮೊಗ್ಗ